ಸೀಮೆಸುಣ್ಣದ ಧೂಳೂ ನಮ್ಮ ಉಸಿರೂ



ಅನ್ನವಿಲ್ಲದೆ ಮನುಷ್ಯನು ಕೆಲವು ವಾರ ಬದುಕಿಯಾನು. ನೀರಿಲ್ಲದೆ ಕೆಲವು ದಿನ ಬದುಕಿಯಾನು. ಗಾಳಿಯಿಲ್ಲದೆ ಕೆಲವು ನಿಮಿಷಗಳಿಗಿಂತ ಹೆಚ್ಚು ಬದುಕಲಾರನು. ಇದು ನೀವು ಬಹು ಹಿಂದೆಯೇ ಓದಿ ತಿಳಿದ ಸಂಗತಿ. ಆದರೂ ಉಣ್ಣುವ ಅನ್ನದಲ್ಲಿ ಒಂದು ಹರಳು ಸಿಕ್ಕಿದರೆ ಮುಖ ಸಿಂಡರಿಸುವ ನಾವು, ಉಸಿರಾಡುವ ಗಾಳಿಯಲ್ಲಿ ಏನೇನು ಬೆರೆತಿದೆಯೆಂದು ವಿಚಾರಿಸುವುದು ಅಪರೂಪ. ಇತರರ ಮಾತೇಕೆ? ಹಲವು ವರ್ಷಗಳಿಂದ ಕರಿಹಲಗೆಯ ಮುಂದೆ ನಿಂತು ಪಾಠ ಹೇಳುತ್ತಿರುವ ನಾವೂ ವಿಚಾರಿಸಿರಲಿಲ್ಲ. ವಿಚಾರಿಸುವಂತೆ ಮಾಡಿದವನು ನಿಮ್ಮಲ್ಲೇ ಒಬ್ಬನು. ಆದುದರಿಂದ ಆ ಪ್ರಸಂಗವನ್ನು ಮೊದಲು ಹೇಳಿ, ಅನಂತರ ವಿಷಯಕ್ಕೆ ಬರುತ್ತೇವೆ.

2024ರ ಡಿಸೆಂಬರ್ ತಿಂಗಳಿನಲ್ಲಿ ಒಂಬತ್ತನೆಯ ವರ್ಗದ ಹದಿನೆಂಟು ಮಂದಿ ವಿದ್ಯಾರ್ಥಿಗಳನ್ನು ಕರೆದುಕೊಂಡು ನಾವು ಮುಂಬಯಿಯ ಒಂದು ಉಪನಗರದಲ್ಲಿರುವ ಕ್ಲೈಂಬಿಂಗ್ ಜಿಮ್‌ಗೆ, ಎಂದರೆ ಗೋಡೆ ಹತ್ತುವ ವ್ಯಾಯಾಮಶಾಲೆಗೆ ಹೋಗಿದ್ದೆವು. ಹಿಂದೆ ಉಗ್ರಾಣವಾಗಿದ್ದಂತೆ ತೋರುವ ದೊಡ್ಡ ಹಜಾರ. ಒಳಗೆ ನಾಲ್ಕು ಆಳೆತ್ತರದ ಮರದ ಗೋಡೆಗಳು. ಗೋಡೆಗಳ ಮೈತುಂಬ ಕೈಹಿಡಿಗೆಂದೂ ಕಾಲೂರಲೆಂದೂ ಕೂಡಿಸಿದ ಬಣ್ಣಬಣ್ಣದ ಗುಬುಟುಗಳು. ನೆಲದ ಮೇಲೆ ಮೊಣಕಾಲೆತ್ತರದ ಮೆತ್ತೆಗಳು. ಹತ್ತುವವರೆಲ್ಲರ ನಡುವಿಗೂ ಒಂದೊಂದು ಚಿಕ್ಕ ಚೀಲ. ಆ ಚೀಲದೊಳಗೆ ಕೈಯದ್ದಿ, ಅಂಗೈಗೆ ಬಿಳಿಯ ಪುಡಿಯನ್ನು ಸವರಿಕೊಂಡು, ಚಪ್ಪಾಳೆ ತಟ್ಟಿ, ಅವರು ಗೋಡೆಗೆ ಏರುತ್ತಿದ್ದರು. ಚಪ್ಪಾಳೆಯ ಒಂದೊಂದು ಪೆಟ್ಟಿಗೂ ಒಂದೊಂದು ಬಿಳಿಯ ಮೋಡ. ಭಾನುವಾರವಾದುದರಿಂದ ಜನ ಬಹಳ. ದೀಪಗಳ ಸುತ್ತ ಮಾಘಮಾಸದ ಬೆಳಗಿನ ಮಂಜು ಕವಿದಂತೆ ಕಾಣುತ್ತಿತ್ತು.

ನಮ್ಮ ಹುಡುಗರಿಗೆ ಹಿಡಿಸಲಾರದಷ್ಟು ಆನಂದವಾಯಿತು. ಒಬ್ಬನು ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿ, “ಸರ್, ಇದು ನಮ್ಮ ಸೀಮೆಸುಣ್ಣಾನ ಏನ್ರಿ?” ಎಂದು ಕೇಳಿದನು. ನಾವು ಉತ್ತರ ಕೊಡುವ ಮೊದಲೇ ಮತ್ತೊಬ್ಬ ಹುಡುಗನು ಕೆಮ್ಮುತ್ತ ಬಂದು ನಮ್ಮ ಪಕ್ಕದಲ್ಲಿ ಕುಳಿತನು. ಅವನಿಗೆ ಚಿಕ್ಕಂದಿನಿಂದ ದಮ್ಮಿನ ಬಾಧೆ. ಉಸಿರೆಳೆಯುವಾಗ ಎದೆಯಲ್ಲಿ ಸಿಳ್ಳೆಯ ಸದ್ದು ಕೇಳಿಸುತ್ತಿತ್ತು. ಒಡನೆಯೆ ಅವನನ್ನು ಹೊರಗಿನ ಗಾಳಿಗೆ ಕರೆದುಕೊಂಡು ಹೋದೆವು. ವೈದ್ಯರು ಕೊಟ್ಟಿದ್ದ ಪಂಪು ಅವನ ಚೀಲದಲ್ಲೇ ಇತ್ತು. ಅದನ್ನು ಎಳೆದುಕೊಂಡು ಕಾಲುಗಂಟೆಯಲ್ಲಿ ಸುಧಾರಿಸಿಕೊಂಡ ಮೇಲೆ ಅವನು ಹೇಳಿದ ಮಾತು ಇದು: “ಸರ್, ಇಲ್ಲಿ ಗಾಳಿ ನಮ್ಮ ವರ್ಗದ ಗಾಳೀ ಹಾಂಗ ಐತ್ರಿ. ಬೋರ್ಡ್ ಒರಸೂ ಮುಂದ ನನಗ ಹಿಂಗ ಆಗತೈತ್ರಿ.”

ಈ ಮಾತನ್ನು ಕೇಳಿ ನಾವು ಸ್ತಬ್ಧರಾದೆವು. ಎರಡು ವರ್ಷಗಳಿಂದ ಆ ಹುಡುಗನೇ ತನ್ನ ವರ್ಗದ ನಾಯಕ. ದಿನಕ್ಕೆ ಆರೇಳು ಬಾರಿ ಹಲಗೆ ಒರಸಿ, ಡಸ್ಟರನ್ನು ಪಡಸಾಲೆಯ ಕಂಬಕ್ಕೆ ಬಡಿದು ತರುವ ಕೆಲಸವನ್ನು ಅವನಿಗೆ ವಹಿಸಿದ್ದವರು ನಾವೇ. ಅದು ಗೌರವದ ಕೆಲಸವೆಂದು ಭಾವಿಸಿ ಅವನು ಬಾಯಿಬಿಟ್ಟು ಹೇಳಿರಲಿಲ್ಲ. ಗುರುಗಳಾದ ನಾವು ಕೇಳಿರಲಿಲ್ಲ. ಅಂದಿನಿಂದ ಈ ವಿಷಯವಾಗಿ ಓದಿ, ವಿಚಾರಿಸಿ ತಿಳಿದುಕೊಂಡುದನ್ನು ನಿಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲನೆಯ ಹುಡುಗನ ಪ್ರಶ್ನೆಗೆ ಉತ್ತರ ಹೇಳೋಣ. ಆ ಪುಡಿ ನಮ್ಮ ಸೀಮೆಸುಣ್ಣವಲ್ಲ. ಇಂಗ್ಲಿಷಿನಲ್ಲಿ ಎರಡಕ್ಕೂ ಚಾಕ್ ಎಂಬ ಒಂದೇ ಹೆಸರಿರುವುದರಿಂದ ಈ ಗೊಂದಲ. ಪ್ರಕೃತಿಯಲ್ಲಿ ದೊರೆಯುವ ನಿಜವಾದ ಚಾಕ್ ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ಸೂಕ್ಷ್ಮಜೀವಿಗಳ ಚಿಪ್ಪುಗಳು ತಳದಲ್ಲಿ ಪದರಪದರವಾಗಿ ಕೂಡಿ ಆದ ಮೆತ್ತನೆಯ ಕಲ್ಲು ಅದು. ಶಾಲೆಯಲ್ಲಿ ಬಳಸುವ ಬಳಪಗಳಲ್ಲಿ ಕೆಲವನ್ನು ಇದರಿಂದಲೂ, ಅನೇಕವನ್ನು ಜಿಪ್ಸಂನಿಂದಲೂ, ಎಂದರೆ ಕ್ಯಾಲ್ಸಿಯಂ ಸಲ್ಫೇಟಿನಿಂದಲೂ ಮಾಡುತ್ತಾರೆ. ಗೋಡೆ ಹತ್ತುವವರು ಕೈಗೆ ಸವರಿಕೊಳ್ಳುವುದಾದರೋ ಮೆಗ್ನೀಷಿಯಂ ಕಾರ್ಬೊನೇಟ್. ಹೆಸರಿನ ಈ ಗೊಂದಲ ಹೊಸದೇನೂ ಅಲ್ಲ. ತಮಿಳುನಾಡಿನ ಸೇಲಂ ಬಳಿ ಬೆಳ್ಳಗೆ ಕಾಣುವ ಕೆಲವು ಗುಡ್ಡಗಳಿವೆ. ಇಂಗ್ಲಿಷರು ಅವನ್ನು ‘ಚಾಕ್ ಹಿಲ್ಸ್’ ಎಂದು ಕರೆದರು. ಆದರೆ ಅಲ್ಲಿರುವುದು ಚಾಕ್ ಅಲ್ಲ, ಮ್ಯಾಗ್ನಸೈಟ್. ಅದೂ ಮೆಗ್ನೀಷಿಯಂ ಕಾರ್ಬೊನೇಟೇ.

ಈ ಪುಡಿಯ ಅಗತ್ಯವೇನು? ಅಂಗೈ ಬೆವತರೆ ಹಿಡಿತ ಜಾರುತ್ತದೆ. ಪುಡಿಯು ಬೆವರನ್ನು ಹೀರಿ ಅಂಗೈಯನ್ನು ಒಣಗಿಸುತ್ತದೆ. ವ್ಯಾಯಾಮಪಟುಗಳು ಉಯ್ಯಾಲೆಯ ಬಳೆಗಳನ್ನೂ ಅಡ್ಡಕಂಬಿಯನ್ನೂ ಹಿಡಿಯುವ ಮೊದಲು ಇದನ್ನು ಸವರಿಕೊಳ್ಳುವ ರೂಢಿ ಮೊದಲಿನಿಂದ ಇದ್ದಿತು. ಅಮೆರಿಕದ ಜಾನ್ ಗಿಲ್ ಎಂಬವರು 1950ರ ದಶಕದಲ್ಲಿ ಅದನ್ನು ಬಂಡೆ ಹತ್ತುವ ಕ್ರೀಡೆಗೆ ತಂದರು. ಗಿಲ್ಲರು ವ್ಯಾಯಾಮಪಟುವೂ ಹೌದು, ಗಣಿತದ ಪ್ರಾಧ್ಯಾಪಕರೂ ಹೌದು. ಆಗ ಈ ಕ್ರೀಡೆ ನಡೆಯುತ್ತಿದ್ದುದು ತೆರೆದ ಬಯಲಿನಲ್ಲಿ. ನಾವು ಹುಟ್ಟಿ ಬೆಳೆದದ್ದು ಬಾದಾಮಿಯ ಸಮೀಪದ ಒಂದು ಹಳ್ಳಿಯಲ್ಲಿ. ಅಲ್ಲಿಯ ಕೆಂಪು ಮರಳುಗಲ್ಲಿನ ಬಂಡೆಗಳನ್ನು ಹತ್ತಲು ದೂರದೂರದ ದೇಶಗಳಿಂದ ಜನ ಬರುತ್ತಾರೆ. ಅವರ ಕೈಯ ಬಿಳಿಯ ಗುರುತುಗಳನ್ನು ಬಂಡೆಯ ಮೇಲೆ ನಾವು ಎಷ್ಟೋ ಸಲ ನೋಡಿದ್ದೇವೆ. ಆದರೆ ಅಲ್ಲಿ ಯಾರೂ ಕೆಮ್ಮಿದ್ದನ್ನು ಕಂಡವರಲ್ಲ. ಪುಡಿ ಏಳುತ್ತದೆ, ಗಾಳಿ ಅದನ್ನು ಅಗಸ್ತ್ಯತೀರ್ಥದ ಮೇಲೆ ಹಾರಿಸಿಕೊಂಡು ಹೋಗುತ್ತದೆ, ಅಲ್ಲಿಗೆ ಮುಗಿಯಿತು.

ಕ್ರೀಡೆಯು ನಗರಕ್ಕೆ ಬಂದು ನಾಲ್ಕು ಗೋಡೆಗಳ ಒಳಗೆ ಸೇರಿಕೊಂಡಾಗ ಸ್ಥಿತಿ ಬದಲಾಯಿತು. ಟೋಕಿಯೋ ಒಲಿಂಪಿಕ್ ಕೂಟದಲ್ಲಿ, ಎಂದರೆ 2021ರಲ್ಲಿ, ಇದು ಮೊದಲ ಬಾರಿ ಪದಕದ ಕ್ರೀಡೆಯಾಯಿತು. 2024ರಲ್ಲಿ ಪ್ಯಾರಿಸಿನಲ್ಲಿಯೂ ನಡೆಯಿತು. ಇಂಥ ಶಾಲೆಗಳು ನಮ್ಮ ದೊಡ್ಡ ನಗರಗಳಲ್ಲಿಯೂ ತೆರೆದಿವೆ; ನಿಮ್ಮಂಥ ತರುಣರನ್ನು ಆಕರ್ಷಿಸುತ್ತಿವೆ. ಅದು ಸಂತೋಷದ ವಿಷಯವೇ ಸರಿ. ಆದರೆ ಅದೇ ಪುಡಿ, ಅದೇ ಚಪ್ಪಾಳೆ. ಹಾರಿಸಿಕೊಂಡು ಹೋಗುವ ಗಾಳಿ ಮಾತ್ರ ಇಲ್ಲ.

ಇಲ್ಲಿ ಧೂಳಿನ ಸ್ವಭಾವವನ್ನು ಸ್ವಲ್ಪ ತಿಳಿಯಬೇಕು. ಧೂಳೆಂದರೆ ಎಲ್ಲವೂ ಒಂದೇ ಗಾತ್ರದ್ದಲ್ಲ. ಅದನ್ನು ಅಳೆಯುವ ಮಾನಕ್ಕೆ ಮೈಕ್ರಾನ್ ಎಂದು ಹೆಸರು. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಕಣ ಚಿಕ್ಕದಾದಷ್ಟೂ ನಿಧಾನವಾಗಿ ಕೆಳಗಿಳಿಯುತ್ತದೆ. ಎಷ್ಟು ನಿಧಾನವೆಂಬ ಲೆಕ್ಕವನ್ನು ಜಾರ್ಜ್ ಸ್ಟೋಕ್ಸ್ ಎಂಬ ವಿಜ್ಞಾನಿಯು 1851ರಲ್ಲಿ ಪ್ರಕಟಿಸಿದನು. ಆತನ ಸೂತ್ರದಂತೆ ಇಳಿಯುವ ವೇಗವು ಕಣದ ವ್ಯಾಸದ ವರ್ಗವನ್ನು ಅನುಸರಿಸುತ್ತದೆ. ವ್ಯಾಸ ಹತ್ತರಲ್ಲೊಂದು ಪಾಲಾದರೆ ವೇಗ ನೂರರಲ್ಲೊಂದು ಪಾಲಾಗುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ನೀರಿನಷ್ಟೇ ಸಾಂದ್ರತೆಯುಳ್ಳ 10 ಮೈಕ್ರಾನ್ ವ್ಯಾಸದ ಕಣವು ನಿಶ್ಚಲವಾದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 3 ಮಿಲಿಮೀಟರಿನಂತೆ ಇಳಿಯುತ್ತದೆ. ನಿಮ್ಮ ಮುಖದ ಎತ್ತರ ನೆಲದಿಂದ ಒಂದೂವರೆ ಮೀಟರ್ ಎಂದಿಟ್ಟುಕೊಂಡರೆ, ಅದು ನೆಲ ಮುಟ್ಟಲು 500 ಸೆಕೆಂಡು, ಎಂದರೆ 8 ನಿಮಿಷಕ್ಕಿಂತ ತುಸು ಹೆಚ್ಚು ಕಾಲ ಬೇಕು. 1 ಮೈಕ್ರಾನ್ ವ್ಯಾಸದ ಕಣಕ್ಕೋ? ಅದರ ನೂರು ಪಟ್ಟು. ಹನ್ನೆರಡು ಗಂಟೆಗಳಿಗೂ ಮೇಲೆ! ಸಾಯಂಕಾಲ ಎಬ್ಬಿಸಿದ ಸೂಕ್ಷ್ಮ ಧೂಳು ಮುಚ್ಚಿದ ಕೋಣೆಯಲ್ಲಿ ಮರುದಿನ ಬೆಳಗಿನವರೆಗೂ ತೇಲುತ್ತಿರಬಲ್ಲುದು. ಅಷ್ಟರಲ್ಲಿ ಯಾರಾದರೂ ನಡೆದರೆ, ಮೆತ್ತೆಯ ಮೇಲೆ ಧುಮುಕಿದರೆ, ಪಂಕ ತಿರುಗಿದರೆ, ಇಳಿದದ್ದೂ ಮತ್ತೆ ಏಳುತ್ತದೆ.

ಜಾಲಂಧ್ರದಿಂದ ಬಂದ ಬಿಸಿಲಕೋಲಿನಲ್ಲಿ ಕುಣಿಯುವ ಧೂಳಿನ ಕಣಕ್ಕೆ ನಮ್ಮ ಪೂರ್ವಿಕರು ‘ತ್ರಸರೇಣು’ ಎಂದು ಹೆಸರಿಟ್ಟು, ಅದನ್ನು ತೂಕದ ಅತಿ ಚಿಕ್ಕ ಮಾನವಾಗಿ ಎಣಿಸಿದ್ದರು. ಕಣ್ಣಿಗೆ ಕಾಣುವುದರಲ್ಲಿ ಅದಕ್ಕಿಂತ ಚಿಕ್ಕದಿಲ್ಲವೆಂದು ಅವರ ಎಣಿಕೆ. ಅದೇ ಬಿಸಿಲಕೋಲನ್ನು ವಿಜ್ಞಾನದ ಉಪಕರಣವನ್ನಾಗಿ ಮಾಡಿದವನು ಜಾನ್ ಟಿಂಡಾಲ್. ಲಂಡನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಪ್ರಾಧ್ಯಾಪಕನಾಗಿದ್ದ ಈತನು ಸ್ವತಃ ದೊಡ್ಡ ಪರ್ವತಾರೋಹಿ. ಸ್ವಿಟ್ಜರ್ಲೆಂಡಿನಲ್ಲಿ 4500 ಮೀಟರಿಗೂ ಎತ್ತರವಾದ ವೈಸ್‌ಹಾರ್ನ್ ಶಿಖರವನ್ನು 1861ರಲ್ಲಿ ಮೊದಲು ಏರಿದವರು ಈತನೂ ಈತನ ಇಬ್ಬರು ಮಾರ್ಗದರ್ಶಿಗಳೂ. 1870ರ ಜನವರಿಯಲ್ಲಿ ಈತನು ಧೂಳು ಮತ್ತು ರೋಗಗಳನ್ನು ಕುರಿತು ಒಂದು ಪ್ರಸಿದ್ಧ ಉಪನ್ಯಾಸ ಮಾಡಿದನು. ಕತ್ತಲೆ ಕೋಣೆಯಲ್ಲಿ ಪ್ರಬಲವಾದ ಬೆಳಕಿನ ಕೋಲನ್ನು ಹಾಯಿಸಿದರೆ, ಬೇರೆಯಾಗಿ ಕಾಣದಷ್ಟು ಸೂಕ್ಷ್ಮವಾದ ಧೂಳೂ ಒಟ್ಟಾಗಿ ಬೆಳ್ಳಗೆ ಹೊಳೆಯುತ್ತದೆ. ಆ ಬೆಳಕಿನ ಎದುರಿಗೆ ಟಿಂಡಾಲನು ಒಂದು ಗಾಜಿನ ನಳಿಗೆಯ ಮೂಲಕ ತನ್ನ ಉಸಿರನ್ನು ನಿಧಾನವಾಗಿ ಬಿಟ್ಟನು. ಮೊದಲು ವಿಶೇಷವೇನೂ ಕಾಣಲಿಲ್ಲ. ಉಸಿರು ಮುಗಿಯುತ್ತ ಬಂದಂತೆ, ಎಂದರೆ ಶ್ವಾಸಕೋಶದ ಆಳದ ಗಾಳಿ ಹೊರಬಂದಂತೆ, ಬೆಳಕಿನ ಕೋಲಿನ ನಡುವೆ ಒಂದು ಕಪ್ಪು ತೂತು ಬಿದ್ದಿತು! ಆ ಗಾಳಿಯಲ್ಲಿ ಧೂಳೇ ಇರಲಿಲ್ಲ.

ಇದರ ಅರ್ಥವೇನೆಂದು ನೀವೇ ಯೋಚಿಸಿರಿ. ಒಳಗೆ ಹೋಗುವಾಗ ಧೂಳಿದ್ದ ಗಾಳಿ ಹೊರಗೆ ಬರುವಾಗ ಶುದ್ಧವಾಗಿದ್ದರೆ, ಆ ಧೂಳು ಎಲ್ಲಿ ಉಳಿಯಿತು? ನಮ್ಮೊಳಗೇ ಉಳಿಯಿತು.

ಹಾಗೆಂದು ಭಯಪಡಬೇಕಾಗಿಲ್ಲ. ದೇಹವು ತನ್ನ ಬಾಗಿಲಲ್ಲಿ ಕಾವಲನ್ನು ಇಟ್ಟಿದೆ. ಮೊದಲನೆಯ ಕಾವಲು ಮೂಗು. ದಪ್ಪ ಕಣಗಳು ಅಲ್ಲಿಯ ಕೂದಲಿಗೂ ತೇವಕ್ಕೂ ಸಿಕ್ಕಿಬೀಳುತ್ತವೆ. ಎರಡನೆಯದು ಶ್ವಾಸನಾಳದ ಗೋಡೆ. ಅಂಟಾದ ಶ್ಲೇಷ್ಮದ ಮೇಲೆ ಕುಳಿತ ಕಣಗಳನ್ನು ಅಲ್ಲಿಯ ಸೂಕ್ಷ್ಮ ರೋಮಗಳು ಗಂಟಲಿನ ಕಡೆಗೆ ಮೆಲ್ಲಮೆಲ್ಲನೆ ತಳ್ಳುತ್ತವೆ. ನಾವು ಕೆಮ್ಮಿ ಉಗುಳುತ್ತೇವೆ ಇಲ್ಲವೆ ನುಂಗುತ್ತೇವೆ. ಸುಮಾರು 2.5 ಮೈಕ್ರಾನಿಗಿಂತ ಚಿಕ್ಕ ಕಣಗಳಲ್ಲಿ ಒಂದು ಪಾಲು ಈ ಎರಡನ್ನೂ ದಾಟಿ ಶ್ವಾಸಕೋಶದ ಅತಿ ಒಳಗಿನ ಗಾಳಿಗೂಡುಗಳನ್ನು ಸೇರುತ್ತದೆ. ಅಲ್ಲಿ ಮೂರನೆಯ ಕಾವಲು: ಹೊರಗಿನ ಕಣವನ್ನು ನುಂಗಿ ಸಾಗಿಸುವ ಜೀವಕೋಶಗಳು. ಅವು ಮೆಲ್ಲನೆ ಕೆಲಸಮಾಡುವಂಥವು. ಕಣಗಳ ಹೊರೆ ಮಿತಿಮೀರಿದರೆ ಅವಕ್ಕೂ ಕಷ್ಟವೇ. ದಮ್ಮಿನವರ ಶ್ವಾಸನಾಳವಂತೂ ಸಣ್ಣ ಕೆರಳಿಕೆಗೂ ಬಿಗಿದುಕೊಳ್ಳುತ್ತದೆ. ಇತರರು ಎರಡು ಸಲ ಕೆಮ್ಮಿ ಮರೆಯುವ ಧೂಳು ಅವರ ಉಸಿರನ್ನೇ ಕಟ್ಟಬಲ್ಲುದು.

ಮೆಗ್ನೀಷಿಯಂ ಕಾರ್ಬೊನೇಟ್ ವಿಷವಲ್ಲ. ಹೊಟ್ಟೆಯ ಆಮ್ಲವನ್ನು ತಗ್ಗಿಸುವ ಔಷಧಗಳಲ್ಲಿ ಅದನ್ನು ಬಳಸುತ್ತಾರೆ. ಕಲ್ಲುಗಣಿಯ ಸಿಲಿಕಾ ಧೂಳಿನಂತೆ ಅದು ಶ್ವಾಸಕೋಶವನ್ನು ಗಾಯಗೊಳಿಸಿ ಗಟ್ಟಿಮಾಡುವುದೂ ಇಲ್ಲ. ಆದರೆ ಹೊಟ್ಟೆಗೆ ಹೋಗುವುದು ಬೇರೆ, ಎದೆಗೆ ಹೋಗುವುದು ಬೇರೆ. ವಿಷವಲ್ಲದ ಮಾತ್ರಕ್ಕೆ ಎಷ್ಟಿದ್ದರೂ ಚಿಂತೆಯಿಲ್ಲವೆಂದು ಹೇಳುವಂತಿಲ್ಲ.

ಎಷ್ಟಿರುತ್ತದೆ ಎಂಬುದನ್ನು ಅಳೆದವರಿದ್ದಾರೆ. ಜರ್ಮನಿಯ ಸಂಶೋಧಕರು ಅಲ್ಲಿಯ ಇಂಥ ಹಜಾರಗಳಲ್ಲಿ ಅಳತೆ ಮಾಡಿ 2008ರಲ್ಲಿ ಪ್ರಕಟಿಸಿದರು. ಜನಸಂದಣಿಯ ಹೊತ್ತಿನಲ್ಲಿ 10 ಮೈಕ್ರಾನಿಗಿಂತ ಚಿಕ್ಕ ಕಣಗಳು ಘನಮೀಟರಿಗೆ 4000 ಮೈಕ್ರೊಗ್ರಾಮಿನವರೆಗೂ, 2.5 ಮೈಕ್ರಾನಿಗಿಂತ ಚಿಕ್ಕವು 500 ಮೈಕ್ರೊಗ್ರಾಮಿನವರೆಗೂ ಏರಿದ್ದುವು. ಹೊರಗಿನ ಗಾಳಿಗೆ ಭಾರತವು 2009ರಲ್ಲಿ ಗೊತ್ತುಮಾಡಿದ ಮಿತಿ, ಇಪ್ಪತ್ತನಾಲ್ಕು ಗಂಟೆಗಳ ಸರಾಸರಿಗೆ, ಕ್ರಮವಾಗಿ 100 ಮತ್ತು 60. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಮಟ್ಟ ಇನ್ನೂ ಕಡಮೆ: 45 ಮತ್ತು 15. ಜರ್ಮನಿಯ ಅಂಕಿಗಳು ಸಂದಣಿಯ ಹೊತ್ತಿನವು, ಮಿತಿಗಳು ಇಡೀ ದಿನದ ಸರಾಸರಿಗೆ ಹೇಳಿದವು. ಆದುದರಿಂದ ಎರಡನ್ನೂ ನೇರವಾಗಿ ತೂಗಬಾರದು. ಆದರೂ ಅಂತರ ಎಷ್ಟು ದೊಡ್ಡದೆಂಬುದು ತಿಳಿಯುತ್ತದೆ.

ಇನ್ನೊಂದು ಲೆಕ್ಕವಿದೆ. ಸುಮ್ಮನೆ ಕುಳಿತ ದೊಡ್ಡವನೊಬ್ಬನು ನಿಮಿಷಕ್ಕೆ ಸುಮಾರು 7 ಲೀಟರ್ ಗಾಳಿಯನ್ನು ಉಸಿರಾಡುತ್ತಾನೆ. ಕಠಿನ ವ್ಯಾಯಾಮದಲ್ಲಿ 50 ಲೀಟರಿಗೂ ಏರುತ್ತದೆ. ಗಂಟೆಗೆ ಲೆಕ್ಕ ಹಾಕಿದರೆ ಮೊದಲನೆಯದು 0.42 ಘನಮೀಟರ್, ಎರಡನೆಯದು 3 ಘನಮೀಟರ್. ಘನಮೀಟರಿಗೆ 60 ಮೈಕ್ರೊಗ್ರಾಂ ಇರುವಲ್ಲಿ ಕುಳಿತವನ ಪಾಲಿಗೆ ಗಂಟೆಗೆ ಸುಮಾರು 25 ಮೈಕ್ರೊಗ್ರಾಂ. 500 ಇರುವಲ್ಲಿ ಹತ್ತುವವನ ಪಾಲಿಗೆ 1500. ಅರುವತ್ತು ಪಟ್ಟು! ಸಂದಣಿಯ ಮಟ್ಟ ಇಡೀ ಗಂಟೆ ನಿಲ್ಲುವುದಿಲ್ಲ, ನಿಜ. ಆದರೆ ದಣಿದವನು ಬಾಯಿಂದಲೂ ಉಸಿರೆಳೆಯುತ್ತಾನೆ. ಆಗ ಮೂಗೆಂಬ ಮೊದಲನೆಯ ಕಾವಲೇ ತಪ್ಪಿಹೋಗುತ್ತದೆ.

ಗಾಳಿಯಲ್ಲಿ ಸೇರುವುದು ಕೈಯ ಪುಡಿಯೊಂದೇ ಅಲ್ಲವೆಂಬುದು ಈಚೆಗೆ ತಿಳಿದುಬಂದಿದೆ. ಗೋಡೆ ಹತ್ತುವವರ ಪಾದರಕ್ಷೆಗಳ ಅಟ್ಟೆಯ ರಬ್ಬರು ಹಿಡಿಗಳಿಗೆ ಉಜ್ಜಿ ಸವೆಯುತ್ತದೆ. ಆ ಸವೆತದ ಧೂಳಿನೊಡನೆ, ವಾಹನಗಳ ಟೈರುಗಳಿಗೆ ಬೆರೆಸುವಂಥ ರಾಸಾಯನಿಕಗಳೂ ಹಜಾರದ ಗಾಳಿಯಲ್ಲಿ ಇರುತ್ತವೆಂದು ವಿಯೆನ್ನಾ ವಿಶ್ವವಿದ್ಯಾಲಯದ ಮತ್ತು ಸ್ವಿಟ್ಜರ್ಲೆಂಡಿನ ಲೊಸಾನ್ ನಗರದ ವಿಜ್ಞಾನಿಗಳು 2025ರಲ್ಲಿ ವರದಿ ಮಾಡಿದರು.

ಹಾಗಾದರೆ ಈ ಕ್ರೀಡೆಯನ್ನು ಬಿಡಬೇಕೆ? ಖಂಡಿತವಾಗಿ ಬೇಡ. ಮೈಗೆ ಬಲ, ಮನಸ್ಸಿಗೆ ಧೈರ್ಯ, ಕಣ್ಣಿಗೆ ಎಚ್ಚರ, ಮೂರನ್ನೂ ಕೊಡುವ ಆಟಗಳು ಹೆಚ್ಚಿಲ್ಲ. ಬಿಡಬೇಕಾದುದು ಧೂಳನ್ನು, ಆಟವನ್ನಲ್ಲ.

ನಮ್ಮ ಗರಡಿಮನೆಗಳನ್ನು ನೆನೆಯಿರಿ. ಅಲ್ಲಿಯೂ ಪೈಲವಾನರು ಮಣ್ಣಿನಲ್ಲಿಯೇ ಹೊರಳಾಡುತ್ತಾರೆ. ಆದರೆ ಅಖಾಡದ ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ ಮುಂತಾದುವನ್ನು ಬೆರೆಸಿ ಹದಮಾಡಿ ಇಡುವುದು ವಾಡಿಕೆ. ಹದವಾದ ಮಣ್ಣು ಮೈಗೆ ಹತ್ತುತ್ತದೆಯೇ ಹೊರತು ಗಾಳಿಗೆ ಏಳುವುದಿಲ್ಲ. ಧೂಳನ್ನು ಎದ್ದ ಮೇಲೆ ಹಿಡಿಯುವುದಕ್ಕಿಂತ ಏಳದಂತೆ ಮಾಡುವುದು ಸುಲಭ. ಗರಡಿಯ ಈ ಹಳೆಯ ಯುಕ್ತಿಯೇ ಹೊಸ ಶಾಲೆಗೂ ಸರಿಹೋಗುತ್ತದೆ. ಮೆಗ್ನೀಷಿಯಂ ಪುಡಿಯನ್ನು ಮದ್ಯಸಾರದಲ್ಲಿ ಕಲಸಿದ ‘ಲಿಕ್ವಿಡ್ ಚಾಕ್’ ಎಂಬ ದ್ರವ ಸಿಗುತ್ತದೆ. ಅಂಗೈಗೆ ಸವರಿದರೆ ಸಾರ ಆರಿಹೋಗಿ ಪುಡಿಯ ತೆಳುಲೇಪ ಉಳಿಯುತ್ತದೆ. ಒಣಪುಡಿಯನ್ನು ನಿಲ್ಲಿಸಿ ಇದನ್ನು ಮಾತ್ರ ಬಳಸಿದಾಗ ಗಾಳಿಯ ಧೂಳು ಬಹಳ ತಗ್ಗಿದುದನ್ನು ಅಳತೆಗಳು ತೋರಿಸಿವೆ. ಒಣಪುಡಿಯೇ ಬೇಕೆನ್ನುವವರು ಚೀಲದೊಳಗೇ ಕೈಯನ್ನು ಉಜ್ಜಿಕೊಳ್ಳಲಿ. ಚಪ್ಪಾಳೆ ತಟ್ಟುವ ಚಟವನ್ನು ಬಿಡಲಿ. ಅದರಿಂದ ಹಿಡಿತವೇನೂ ಹೆಚ್ಚುವುದಿಲ್ಲ. ಪಕ್ಕದವನ ಮೂಗಿಗೆ ಮಾತ್ರ ಪುಡಿ ಬೀಳುತ್ತದೆ.

ಶಾಲೆ ನಡೆಸುವವರ ಹೊಣೆಯೂ ಇದೆ. ಒಣಕಸಬರಿಗೆಯಿಂದ ಗುಡಿಸುವ ಬದಲು ಸೂಕ್ಷ್ಮ ಸೋಸುಕವುಳ್ಳ ಯಂತ್ರದಿಂದ ಧೂಳನ್ನು ಹೀರಿಸಬೇಕು. ಮೆತ್ತೆಗಳನ್ನೂ ಹೀಗೆಯೇ ಶುಚಿಮಾಡಬೇಕು. ಒಳಗಿನ ಗಾಳಿಯನ್ನು ಹೊರಗೆ ನೂಕಿ ಹೊಸ ಗಾಳಿಯನ್ನು ಒಳತರುವ ವ್ಯವಸ್ಥೆ ಬೇಕು. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ತಾರಸಿಗೆ ತೂಗುಹಾಕಿದ ಪಂಕ ಗಾಳಿಯನ್ನು ಬದಲಿಸುವುದಿಲ್ಲ. ಇರುವ ಗಾಳಿಯನ್ನೇ ಕಡೆಯುತ್ತದೆ. ಕೋಣೆಯನ್ನು ತಂಪಾಗಿಸುವ ಸಾಮಾನ್ಯ ಏ.ಸಿ. ಯಂತ್ರವೂ ಬಹುಮಟ್ಟಿಗೆ ಒಳಗಿನ ಗಾಳಿಯನ್ನೇ ತಿರುಗಿಸುತ್ತದೆ. ತಂಪಾದ ಗಾಳಿಯೆಲ್ಲ ಶುದ್ಧವಾದ ಗಾಳಿಯಲ್ಲ.

ಈಗ ನಮ್ಮ ಶಾಲೆಯ ಕಡೆಗೆ ತಿರುಗೋಣ. ಬಳಪ ಬೇರೆ, ಮೆಗ್ನೀಷಿಯಂ ಪುಡಿ ಬೇರೆ ಎಂದೆವು. ಆದರೆ ಮೇಲೆ ಹೇಳಿದ ನಿಯಮ ಎರಡಕ್ಕೂ ಒಂದೇ. ಬಳಪದ ಧೂಳಿನ ಬಹುಭಾಗ ದಪ್ಪ ಕಣಗಳು. ಹಲಗೆಯ ಬುಡದಲ್ಲೇ ಬೀಳುತ್ತವೆ. ಸೂಕ್ಷ್ಮವಾದ ಒಂದು ಭಾಗ ಮಾತ್ರ ತೇಲುತ್ತದೆ. ಬರೆಯುವಾಗ ಏಳುವುದು ಕಡಮೆ. ಒಣಗಿದ ಡಸ್ಟರಿನಿಂದ ಒರಸುವಾಗ ಹೆಚ್ಚು. ಡಸ್ಟರನ್ನು ಬಡಿಯುವಾಗ ಎಲ್ಲಕ್ಕಿಂತ ಹೆಚ್ಚು. ‘ಧೂಳಿಲ್ಲದ ಬಳಪ’ ಎಂದು ಮಾರುವುದರಲ್ಲಿಯೂ ಧೂಳಿಲ್ಲವೆಂದಲ್ಲ. ಕಣಗಳು ಭಾರವಾಗಿ ಬೇಗ ಕೆಳಗೆ ಬೀಳುತ್ತವೆ, ಅಷ್ಟೆ.

ಟಿಂಡಾಲನ ಪ್ರಯೋಗವನ್ನು ನಾವು ಹತ್ತನೆಯ ವರ್ಗದಲ್ಲಿ ಮಾಡಿ ನೋಡಿದೆವು. ನೀವೂ ಮಾಡಬಹುದು. ಕಿಟಕಿಗಳಿಗೆ ಕಪ್ಪು ಕಾಗದ ಹಚ್ಚಿ ಕೋಣೆಯನ್ನು ಕತ್ತಲೆ ಮಾಡಿರಿ. ಒಂದು ಬಲವಾದ ಬ್ಯಾಟರಿ ದೀಪವನ್ನು ಮೇಜಿನ ಮೇಲಿಟ್ಟು ಹಲಗೆಯ ಮುಂದೆ ಬೆಳಕು ಹಾಯುವಂತೆ ಮಾಡಿರಿ. ಹಲಗೆಯ ಅರ್ಧವನ್ನು ಒಣ ಡಸ್ಟರಿನಿಂದ ಒರಸಿ, ಬೆಳಕಿನ ಕೋಲು ಬೆಳ್ಳಗಾಗುವುದನ್ನೂ ಅದು ಎಷ್ಟು ಹೊತ್ತು ಹಾಗೆಯೇ ಉಳಿಯುವುದೆಂಬುದನ್ನೂ ನೋಡಿರಿ. ಅನಂತರ ಕಿಟಕಿ ತೆರೆದು ಗಾಳಿಯಾಡಿಸಿ, ಮತ್ತೆ ಮುಚ್ಚಿ, ಉಳಿದರ್ಧವನ್ನು ಹಿಂಡಿದ ಒದ್ದೆಬಟ್ಟೆಯಿಂದ ಒರಸಿರಿ. ನಮ್ಮ ವಿದ್ಯಾರ್ಥಿಗಳಿಗೆ ಎರಡನೆಯ ಬಾರಿ ಬೆಳಕಿನಲ್ಲಿ ಬದಲಾವಣೆ ಕಾಣಲೇ ಇಲ್ಲ. ದಮ್ಮಿನವರು ಈ ಪ್ರಯೋಗದಲ್ಲಿ ಬಾಗಿಲ ಹೊರಗೆ ನಿಂತು ನೋಡಿದರೆ ಸಾಕು.

ಅಂದಿನಿಂದ ನಮ್ಮ ವರ್ಗಗಳಲ್ಲಿ ಕೆಲವು ನಿಯಮಗಳನ್ನು ಮಾಡಿಕೊಂಡಿದ್ದೇವೆ. ಪ್ರತಿ ವರ್ಗದಲ್ಲಿ ಒಂದು ಚಿಕ್ಕ ಬಕೆಟ್ ನೀರು, ಎರಡು ಹಳೆಯ ಹತ್ತಿಬಟ್ಟೆ. ಹಲಗೆಯನ್ನು ಒದ್ದೆಬಟ್ಟೆಯಿಂದ, ಮೇಲಿನಿಂದ ಕೆಳಕ್ಕೆ ಒರಸಬೇಕು. ಡಸ್ಟರನ್ನು ಕಂಬಕ್ಕೆ ಬಡಿಯಕೂಡದು. ಶನಿವಾರ ತೊಳೆದು ಒಣಗಿಸಬೇಕು. ಹಲಗೆಯ ಬುಡದ ಪುಡಿಯನ್ನೂ ಒದ್ದೆಮಾಡಿಯೇ ತೆಗೆಯಬೇಕು. ಮೊದಲನೆಯ ಬೆಂಚು ಹಲಗೆಯಿಂದ ಸಾಕಷ್ಟು ಹಿಂದೆ ಇರಬೇಕು. ಒರಸುವ ಕೆಲಸವನ್ನು ಶಿಕ್ಷಕರೇ ಮಾಡಬೇಕು. ವಿದ್ಯಾರ್ಥಿ ಮಾಡುವುದಾದರೆ ದಮ್ಮಿಲ್ಲದವನು ಮಾಡಬೇಕು. ಕಿಟಕಿಗಳ ವಿಷಯದಲ್ಲಿ ಮಾತ್ರ ವಿವೇಕ ಬೇಕು. ಮುಂಬಯಿಯ ಹೊರಗಾಳಿಯೂ ಎಲ್ಲ ವೇಳೆಯಲ್ಲಿ ಶುದ್ಧವಲ್ಲ. ಬೀದಿಯ ಕಡೆ ಕಟ್ಟಡದ ಕೆಲಸ ನಡೆಯುವಾಗ ಅತ್ತಲಿನ ಕಿಟಕಿಯನ್ನು ಮುಚ್ಚಿ ಅಂಗಳದ ಕಡೆಯದನ್ನು ತೆರೆಯುತ್ತೇವೆ. ಮಧ್ಯಾಹ್ನ ಕಡಲಗಾಳಿ ಎದ್ದಾಗ ಎರಡನ್ನೂ ತೆರೆಯುತ್ತೇವೆ.

ಇವುಗಳಿಗೆ ಹೆಚ್ಚು ಹಣವೇನೂ ಬೇಕಾಗಲಿಲ್ಲ. ಬೇಕಾದುದು ಒಬ್ಬ ಹುಡುಗನ ಮಾತನ್ನು ಕೇಳುವ ಕಿವಿ. ಅದಕ್ಕೆ ನಾವು ಎರಡು ವರ್ಷ ತೆಗೆದುಕೊಂಡೆವೆಂಬುದೇ ನಮಗೆ ನಾಚಿಕೆ.

ಆ ಹುಡುಗನು ಈಗ ಹತ್ತನೆಯ ವರ್ಗದಲ್ಲಿದ್ದಾನೆ. ಈಗಲೂ ಅವನೇ ವರ್ಗದ ನಾಯಕ. ಹಲಗೆ ಒರಸುವ ಬದಲು ಕಿಟಕಿಗಳ ಉಸ್ತುವಾರಿ ಅವನದು. ಗೋಡೆ ಹತ್ತುವ ಆಸೆಯನ್ನು ಅವನು ಬಿಟ್ಟಿರಲಿಲ್ಲ. ವೈದ್ಯರನ್ನು ಕೇಳಿ, ಮನೆಯವರ ಒಪ್ಪಿಗೆ ಪಡೆದು, 2025ರ ಬೇಸಗೆಯ ರಜೆಯಲ್ಲಿ ಬೆಳಗಿನ ಮೊದಲ ಸರದಿಗೆ, ಜನ ಸೇರುವ ಮುಂಚೆ, ಅದೇ ಶಾಲೆಗೆ ಅವನನ್ನು ಕರೆದುಕೊಂಡು ಹೋದೆವು. ಜೇಬಿನಲ್ಲಿ ಪಂಪು, ಕೈಯಲ್ಲಿ ಒಂದು ಸೀಸೆ ಲಿಕ್ವಿಡ್ ಚಾಕ್. ಅವನು ನಡುನಡುವೆ ನಿಂತು, ಮೂಗಿನಿಂದ ಉಸಿರೆಳೆದುಕೊಂಡು, ಗೋಡೆಯ ತುದಿಯವರೆಗೆ ಹತ್ತಿದನು. ಕೆಳಗಿಳಿದ ಮೇಲೆ ಏನು ಹೇಳುವನೋ ಎಂದು ಕಾದಿದ್ದೆವು. “ಸರ್, ಇವರಿಗೂ ಒಂದು ಬಕೆಟ್ ನೀರು ಇಡಾಕ ಹೇಳ್ರಿ,” ಎಂದನು.

ಹೇಳಿ ಬಂದಿದ್ದೇವೆ. ನಿಮ್ಮಲ್ಲಿ ಯಾರಿಗಾದರೂ ನಿಮ್ಮ ವರ್ಗದಲ್ಲಿ, ಆಟದ ಮನೆಯಲ್ಲಿ, ಮನೆಯ ಕೋಣೆಯಲ್ಲಿ ಉಸಿರಿಗೆ ತೊಂದರೆಯಾಗುತ್ತಿದ್ದರೆ, ಗೌರವದ ಕೆಲಸವೆಂದು ಸುಮ್ಮನಿರಬೇಡಿರಿ. ಅಂದೇ ಬಂದು ಹೇಳಿರಿ.